ಬಿಸಿಯಲ್ಲಿ ಅಳೆದ ಬಾಗಿಲು

ಓದುಗರಿಗೆಲ್ಲ ನಮಸ್ಕಾರ. ನಾನು ತಡವಾಗಿ ಓದಿದವನು. ಕೈಗೆ ಉಳಿ ಬಂದಿದ್ದು ಮೊದಲು, ಪೆನ್ನು ಬಂದಿದ್ದು ಎಷ್ಟೋ ವರ್ಷದ ಮೇಲೆ, ಈ ಟೈಪಿಂಗ್ ಬಂದಿದ್ದು ಮೊನ್ನೆ ಮೊನ್ನೆ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತು ಬಸ್ ಹತ್ತಿ ಮುಂದಿನ ಸ್ಟಾಪಿಗೆ ಹೋಗಿರುತ್ತದೆ. ತಪ್ಪು ಸಿಕ್ಕರೆ ಹೊಟ್ಟೆಗೆ ಹಾಕಿಕೊಂಡು ಓದಿ. ಆದರೆ ಈ ವಿಷಯ ಬರೆಯದೆ ಇರಲಾರೆ. ಮೂವತ್ತೊಂದನೇ ವಯಸ್ಸಿನಲ್ಲಿ ಒಂದು ಹಲಸಿನ ಮರದ ಬಾಗಿಲು ನನಗೆ ತೀರ್ಮಾನ ಮಾಡುವುದು ಹೇಗೆ ಅಂತ ಕಲಿಸಿತು. ನೆನೆಸಿಕೊಂಡರೆ ಇವತ್ತಿಗೂ ಮೈಯಲ್ಲಿ ಹುರುಪು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಮನೆ ಭದ್ರಾವತಿಯಲ್ಲಿ, ಕೆಲಸ ಶಿವಮೊಗ್ಗದ ಒಂದು ಸಣ್ಣ ಫೌಂಡ್ರಿಯಲ್ಲಿ. ಅಲ್ಲಿ ನಾನು ಪ್ಯಾಟರ್ನ್ ಬಡಗಿ. ಅಂದರೆ ಪಂಪಿನ ಮೈಯೋ ಪುಲ್ಲಿಯೋ ಯಾವುದೋ ಕಬ್ಬಿಣದ ಸಾಮಾನು ಬೇಕು ಅಂದರೆ, ಮೊದಲು ಅದನ್ನು ಮರದಲ್ಲಿ ಮಾಡಿಕೊಡುವವನು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಗುಂಡಿ ಉಳಿಯುತ್ತದೆ. ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ.

ಇಲ್ಲೊಂದು ಗುಟ್ಟಿದೆ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಒಂದು ಅಡಿಗೆ ಹೆಚ್ಚುಕಮ್ಮಿ ಒಂದು ನೂಲು, ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಆದ್ದರಿಂದ ನಾವು ಮರದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವುದು ಯಾಕೆ ಅಂತ ನಮಗೆ ಒಂದು ಬೇರೆ ಸ್ಕೇಲೇ ಇರುತ್ತದೆ, ಶ್ರಿಂಕೇಜ್ ಸ್ಕೇಲು. ನೋಡಲು ಮಾಮೂಲಿ ಉಕ್ಕಿನ ಪಟ್ಟಿಯ ಹಾಗೇ. ಆದರೆ ಅದರಲ್ಲಿ ಒಂದು ಅಡಿ ಅಂತ ಬರೆದಿರುವುದು ನಿಜವಾಗಿ ಒಂದು ಅಡಿ ಒಂದು ನೂಲು. ಎರಡೂ ಒಂದೇ ಥರ ಕಾಣುತ್ತವೆ ಅಂತ ನಾನು ಅದರ ತುದಿಗೆ ಕೆಂಪು ಬಣ್ಣ ಹಚ್ಚಿಟ್ಟಿದ್ದೆ.

ಇನ್ನು ನನ್ನ ಸ್ವಭಾವ. ಯಾರು ಏನು ಕೇಳಿದರೂ ಥಟ್ಟನೆ ಹೂಂ ಅನ್ನುತ್ತಿದ್ದೆ, ಇಲ್ಲವೇ ಥಟ್ಟನೆ ಆಗಲ್ಲ ಅನ್ನುತ್ತಿದ್ದೆ. ಯೋಚಿಸಿ ಹೇಳುತ್ತೇನೆ ಅನ್ನುವವನು ಪುಕ್ಕಲ ಅಂತ ನನ್ನ ನಂಬಿಕೆ. ಒಂದು ಹಳೆಯ ಮೊಪೆಡ್ಡನ್ನು ಹಾರ್ನ್ ಚೆನ್ನಾಗಿದೆ ಅಂತ ತೆಗೆದುಕೊಂಡು ಬಂದವನು ನಾನು. ಕೊನೆಯವರೆಗೂ ಅದರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಹಾರ್ನ್ ಒಂದೇ. ನಿಮ್ಮ ಬಾಯಲ್ಲಿ ಹೂಂ ಅನ್ನೋದೂ ಅದೇ ಹಾರ್ನ್ ಇದ್ದಂಗೆ, ಕೈ ಇಟ್ಟ ತಕ್ಷಣ ಬರತ್ತೆ ಅಂತ ನನ್ನ ಹೆಂಡತಿ ಅನ್ನುತ್ತಿದ್ದಳು.

ಆ ವರ್ಷ ನಮ್ಮ ಮನೆಯಲ್ಲಿ ಎರಡು ದೊಡ್ಡ ಕೆಲಸ ನಡೆಯುತ್ತಿದ್ದವು. ಒಂದು, ಎರಡು ಕೋಣೆಯ ಸ್ವಂತ ಮನೆ, ನಾಲ್ಕು ವರ್ಷದಿಂದ ಒಂದೊಂದೇ ಗೋಡೆಯಾಗಿ ಎದ್ದು ಗೃಹಪ್ರವೇಶದ ಹಂತಕ್ಕೆ ಬಂದಿತ್ತು. ಇನ್ನೊಂದು ನನ್ನ ಹತ್ತನೇ ತರಗತಿ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಸೋದರಮಾವನ ಜತೆ ಬಡಗಿ ಕೆಲಸಕ್ಕೆ ಹೋದವನು. ಕೈ ಪಳಗಿತು, ಆದರೆ ಡ್ರಾಯಿಂಗಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಓದಿಸಲು ಪ್ರತಿ ಸಲ ಆಫೀಸಿನ ಗುಮಾಸ್ತರ ಮುಂದೆ ನಿಲ್ಲಬೇಕಿತ್ತು. ಅವರು ಕನ್ನಡಕ ಏರಿಸಿ ನನ್ನನ್ನು ನೋಡುವ ರೀತಿ ಇತ್ತಲ್ಲ, ಅದು ಸಾಕಾಯಿತು. ಖಾಸಗಿಯಾಗಿ ಪರೀಕ್ಷೆ ಕಟ್ಟಿದೆ. ಮೊದಲ ಸಲ ಗಣಿತ, ಇಂಗ್ಲಿಷ್ ಎರಡೂ ಹೋದವು. ಆ ಎರಡನ್ನು ಮತ್ತೆ ಕಟ್ಟಿದ್ದೆ. ಪರೀಕ್ಷೆಗೆ ಇನ್ನು ಐದು ವಾರ ಇತ್ತು.

ಪಾಠ ಹೇಳುತ್ತಿದ್ದವಳು ಹೆಂಡತಿ. ಅವಳು ಹತ್ತನೇ ಪಾಸು. ರವಿಕೆ ಹೊಲಿಯುತ್ತಾ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಸ್ಪೆಲ್ಲಿಂಗ್ ಕೇಳುತ್ತಿದ್ದಳು. ಉಳಿದ ಓದು ಬಸ್ಸಿನಲ್ಲಿ. ಭದ್ರಾವತಿ ಬಿಟ್ಟು ಮಲವಗೊಪ್ಪ ಬರುವಷ್ಟರಲ್ಲಿ ಒಂದು ಪ್ರಮೇಯ ಬಾಯಿಪಾಠ ಆಗಬೇಕು ಅಂತ ನನ್ನ ನಿಯಮ. ಕಂಡಕ್ಟರಿಗೂ ಗೊತ್ತಾಗಿಹೋಗಿತ್ತು. ಟಿಕೆಟ್ ಹರಿಯುತ್ತಾ, ಏನ್ ಮೇಷ್ಟ್ರೆ, ಇವತ್ತು ತ್ರಿಕೋನವಾ ಟೆನ್ಸಾ ಅಂತ ಕೇಳುತ್ತಿದ್ದ. ಅಕ್ಕಪಕ್ಕದವರು ನಗುತ್ತಿದ್ದರು. ನನಗೂ ನಗು. ಆದರೆ ಒಳಗೆ ಒಂದು ಭಯ ಇತ್ತು. ಈ ಸಲ ತಪ್ಪಿದರೆ ನಾನು ಮತ್ತೆ ಪುಸ್ತಕ ಮುಟ್ಟುವುದಿಲ್ಲ ಅಂತ ನನಗೇ ಗೊತ್ತಿತ್ತು. ಮೂವತ್ತು ದಾಟಿದವನಿಗೆ ಓದುವ ಹಟ ಒಂದು ಸಲ ಇಳಿದರೆ ಮತ್ತೆ ಏರುವುದು ಕಷ್ಟ.

ಹೀಗಿರುವಾಗ ಒಂದು ಶನಿವಾರ. ನಮ್ಮಲ್ಲಿ ಶನಿವಾರ ಎರಕ ಹೊಯ್ಯುವ ದಿನ. ಹೊಯ್ದು ಮುಗಿಸಿ, ಮರಳಿನ ಅಚ್ಚು ತುಂಬಿದ ಪೆಟ್ಟಿಗೆಗಳನ್ನು ಹಾಗೇ ಬಿಟ್ಟು ಹೋದರೆ ತೆಗೆಯುವುದು ಸೋಮವಾರ ಬೆಳಿಗ್ಗೆ. ಬಿಸಿ ಇರುವಾಗ ಪೆಟ್ಟಿಗೆ ಒಡೆದರೆ ಸಾಮಾನು ಬಿರುಕು ಬಿಡುತ್ತದೆ, ಬಿಸಿ ಕಬ್ಬಿಣಕ್ಕೆ ಸ್ಕೇಲು ಇಟ್ಟರೆ ಸುಳ್ಳು ಅಳತೆ ಬರುತ್ತದೆ. ನಮ್ಮ ಫೌಂಡ್ರಿಯಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಮಾತೇ ಅದು.

ಆವತ್ತು ಮಧ್ಯಾಹ್ನ, ಕುಲುಮೆಯ ಝಳ ಇನ್ನೂ ಮುಖಕ್ಕೆ ಹೊಡೆಯುತ್ತಿರುವಾಗ, ಯಜಮಾನರು ನನ್ನನ್ನು ಆಫೀಸಿಗೆ ಕರೆದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಮುಖದಲ್ಲಿ ಸಂಭ್ರಮ. ದಾವಣಗೆರೆ ಕಡೆ ಬೀಗರ ಜತೆ ಸೇರಿ ಹೊಸ ಫೌಂಡ್ರಿ ಹಾಕುತ್ತಿದ್ದೇನೆ ಅಂದರು. ಒಂಬತ್ತು ದಿನ ಬಿಟ್ಟು, ಬರುವ ವಾರದ ಮುಂದಿನ ಸೋಮವಾರ, ನಾನು ಅಲ್ಲಿಗೆ ಹೊರಡಬೇಕು. ಮೂರು ತಿಂಗಳು ಅಲ್ಲೇ ಇರಬೇಕು.

"ಪ್ಯಾಟರ್ನ್ ಸೆಕ್ಷನ್‌ಗೆ ನೀನೇ ಮೇಸ್ತ್ರಿ ಮಾರಾಯ. ಏನಂತೀಯ?"

"ಹೂಂ ಸಾರ್," ಅಂದೆ.

ಮೇಸ್ತ್ರಿ ಅನ್ನುವ ಪದ ಕಿವಿಗೆ ಬಿದ್ದಿದ್ದಷ್ಟೇ ಗೊತ್ತು. ಮೂರು ತಿಂಗಳು ಅನ್ನುವುದು ಬಿದ್ದಿರಲಿಲ್ಲ. ಪರೀಕ್ಷೆ ಆ ಮೂರು ತಿಂಗಳ ನಡುವೆಯೇ ಬರುತ್ತದೆ ಅನ್ನುವುದು ಆಫೀಸಿನ ಮೆಟ್ಟಿಲು ಇಳಿದು ಹತ್ತು ಹೆಜ್ಜೆ ಹೋದ ಮೇಲೆ ಹೊಳೆಯಿತು. ಹೊಳೆದರೂ ಏನು, ಹೂಂ ಅಂದಾಗಿತ್ತು. ಗಂಡಸಿನ ಮಾತು ಒಂದೇ ಅಂತ ಎದೆ ಉಬ್ಬಿಸಿಕೊಂಡು ನನ್ನ ಬೆಂಚಿಗೆ ಬಂದೆ.

ಬೆಂಚಿನ ಪಕ್ಕ ನಮ್ಮ ಮನೆಯ ಮುಂಬಾಗಿಲಿನ ಹಲಗೆಗಳಿದ್ದವು. ಕೆಲಸದ ಹೊತ್ತು ಮುಗಿದ ಮೇಲೆ ಮಾಡಿಕೊ ಅಂತ ಯಜಮಾನರೇ ಒಪ್ಪಿಗೆ ಕೊಟ್ಟಿದ್ದರು. ಹಲಸಿನ ಹಲಗೆಗಳನ್ನು ಹತ್ತರಿ ಹೊಡೆದು ಹಳದಿ ಬಂಗಾರದ ಹಾಗೆ ಮಾಡಿಟ್ಟಿದ್ದೆ. ಅಳತೆಗೆ ಕತ್ತರಿಸಿ ಜೋಡಿಸುವುದೊಂದೇ ಬಾಕಿ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಕೈಗೆ ಸಿಕ್ಕ ಸ್ಕೇಲು ತೆಗೆದುಕೊಂಡು ಗೆರೆ ಎಳೆದೆ, ಗರಗಸ ಹಾಕಿದೆ, ಜೋಡಿಸಿದೆ. ಅಂಥಾ ಹುರುಪಿನಲ್ಲಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಮರ ಬೆಣ್ಣೆಯ ಹಾಗೆ ಮಾತು ಕೇಳುತ್ತಿತ್ತು. ತಲೆಯ ತುಂಬಾ ದಾವಣಗೆರೆ, ಅಲ್ಲಿ ನಾನು ಕೈ ಹಿಂದೆ ಕಟ್ಟಿಕೊಂಡು ಓಡಾಡುವುದು, ನಾಲ್ಕು ಜನ ಮೇಸ್ತ್ರೀ ಮೇಸ್ತ್ರೀ ಅನ್ನುವುದು.

ಮನೆಗೆ ಹೋಗಿ ಸುದ್ದಿ ಹೇಳಿದೆ. ಹೆಂಡತಿ ಮಶೀನ್ ನಿಲ್ಲಿಸಿದಳು. ಯಾವಾಗ ಹೊರಡೋದು ಅಂತ ಕೇಳಿದಳು, ಹೇಳಿದೆ. ಸರಿ, ಹೇಳಿ ಬಂದಾಗಿದೆಯಲ್ಲ ಅಂದಳು, ಅಷ್ಟೇ. ಎದ್ದು ನನ್ನ ಗಣಿತದ ಪುಸ್ತಕ, ಇಂಗ್ಲಿಷ್ ಗೈಡು, ಎರಡು ನೋಟ್‌ಬುಕ್ಕು ಎಲ್ಲ ಜೋಡಿಸಿ, ಒಂದು ಹಳೆಯ ಲಂಗದ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಳು. ಧೂಳು ಬೀಳಬಾರದು ಅಂತ ಗಂಟನ್ನು ಇನ್ನೊಂದು ಸಲ ಬಿಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಹೊಸ ಮನೆಗೆ ತಂದೆ. ಗೃಹಪ್ರವೇಶ ಬುಧವಾರ. ಎತ್ತಿ ನಿಲ್ಲಿಸಲು ನಮ್ಮ ಫೌಂಡ್ರಿಯ ಹಿರಿಯ ಮೋಲ್ಡರ್ ಬಂದಿದ್ದರು. ಮರಳು ತುಂಬಿ ಅಚ್ಚು ಕಟ್ಟುವ ಕೆಲಸ ಅವರದು. ಭದ್ರಾವತಿಯಲ್ಲೇ ಹುಟ್ಟಿದ ತಮಿಳರು, ದಿನಾ ನನ್ನದೇ ಬಸ್ಸು. ಇಬ್ಬರೂ ಸೇರಿ ಬಾಗಿಲನ್ನು ಎತ್ತಿ ಚೌಕಟ್ಟಿಗೆ ಒತ್ತಿದೆವು. ಒಳಗೆ ಹೋಗಲಿಲ್ಲ. ಓರೆ ಮಾಡಿದೆವು, ಕೆಳಗೆ ಕೊಟ್ಟು ಮೇಲೆ ತಳ್ಳಿದೆವು. ಊಹೂಂ. ಎತ್ತರವೂ ಜಾಸ್ತಿ, ಅಗಲವೂ ಜಾಸ್ತಿ.

ನಾನು ಮೊದಲು ಗಾರೆಯವನನ್ನು ಬೈದೆ, ಚೌಕಟ್ಟು ಅದುಮಿಕೊಂಡಿದೆ ಅಂತ. ಆಮೇಲೆ ಮರವನ್ನು ಬೈದೆ, ಉಬ್ಬಿದೆ ಅಂತ. ಮೋಲ್ಡರ್ ಗಾರೆಯವನ ಟೇಪು ತೆಗೆದುಕೊಂಡು ಎರಡು ಕಡೆ ಹಿಡಿದು ನೋಡಿದರು. ಇನ್ನೊಂದು ಸಲ ನೋಡಿದರು. ಅವರ ಮೀಸೆಯ ಕೆಳಗೆ ನಗು ಶುರುವಾಯಿತು.

"ಎತ್ರ ಎಷ್ಟು ಪಾ ನಿಂದು?"

"ಆರೂವರೆ ಅಡಿ ಅಣ್ಣ."

"ಜಾಸ್ತಿ ಇರೋದು ಆರೂವರೆ ನೂಲು. ಅಗ್ಲ?"

"ಮೂರಡಿ."

"ಜಾಸ್ತಿ ಮೂರು ನೂಲು." ಟೇಪನ್ನು ಸರ್ರನೆ ಬಿಟ್ಟರು. "ಏನ್ ಪಾ, ಬಾಗ್ಲನ್ನ ಎರಕ ಹೊಯ್ಯಕ್ ಮಾಡಿದ್ಯಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕಣ್ಣ ಮುಂದೆ ಬಂತು, ಶನಿವಾರ ನನ್ನ ಕೈಯಲ್ಲಿದ್ದ ಸ್ಕೇಲಿನ ಕೆಂಪು ತುದಿ. ಗೆರೆ ಎಳೆಯುವಾಗ ಆ ಕೆಂಪು ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬೇರೆ ಬಡಗಿಗಳು ನೂರು ತಪ್ಪು ಮಾಡಬಹುದು, ಈ ತಪ್ಪು ಮಾಡಲಾರರು. ಇದಕ್ಕೆ ನಮ್ಮಂಥವರೇ ಬೇಕು. ಮೋಲ್ಡರ್ ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಮನೆಯವರು ಇಣುಕಿದಾಗ, ಇದು ಬಿಸಿ ಬಾಗ್ಲು, ಆರಿದ್ ಮೇಲೆ ಕುಗ್ಗಿ ಕೂತ್ಕೊಳ್ಳತ್ತೆ, ನಾಲ್ಕ್ ದಿನ ಫ್ಯಾನ್ ಹಾಕ್ತಾರೆ ಅಂತ ಗಂಭೀರವಾಗಿ ಹೇಳಿದರು. ಅವರೂ ಪಾಪ ನಂಬಿ ಹೋದರು.

ನನಗೆ ಮೈ ಉರಿಯಿತು. ಗರಗಸ ತೆಗೆದುಕೊಂಡು ಬಾಗಿಲಿನ ತಲೆಗೆ ಇಟ್ಟೆ, ಈಗಲೇ ಕತ್ತರಿಸಿ ಕೂರಿಸಿಬಿಡುತ್ತೇನೆ ಅಂತ. ಮೋಲ್ಡರ್ ನನ್ನ ಮಣಿಕಟ್ಟು ಹಿಡಿದರು. ಆಗ ಅವರು ನಗುತ್ತಿರಲಿಲ್ಲ.

"ಬಿಸೀಲಿ ಪೆಟ್ಗೆ ಒಡೀಬೇಡ ಪಾ. ಇವತ್ತು ಬಿಡು."

ದಿನಾ ಹೊಸಬರಿಗೆ ಹೇಳುವ ಅದೇ ಮಾತು. ಬಾಗಿಲನ್ನು ಗೋಡೆಗೆ ಒರಗಿಸಿ ಅವರು ಊಟಕ್ಕೆ ಹೋದರು.

ನಾನು ಹೊಸ ಮನೆಯ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ಬುತ್ತಿ ತಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಚಿತ್ರಾನ್ನ ಬಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಶನಿವಾರ ಎರಡು ಅಳತೆ ತಪ್ಪಿದೀರಿ. ಬಾಗ್ಲಾದ್ರೆ ಕತ್ತರಿಸಬೋದು."

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಬೇಸರವಲ್ಲ. ಹೊಸ ಉಪಕರಣ ಸಿಕ್ಕಿದಾಗ ಆಗುವ ಸಂತೋಷ. ನಾನು ಹನ್ನೆರಡು ವರ್ಷದಿಂದ ಪ್ರತಿ ಕಬ್ಬಿಣದ ತುಂಡಿಗೂ ಆರಲು ಎರಡು ದಿನ ಕೊಟ್ಟಿದ್ದೆ. ನನ್ನ ಒಂದೇ ಒಂದು ತೀರ್ಮಾನಕ್ಕೆ ಒಂದು ಗಂಟೆ ಕೊಟ್ಟಿರಲಿಲ್ಲ. ಬಿಸಿಯಲ್ಲಿರುವಾಗ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಮೇಸ್ತ್ರಿ ಅನ್ನುವ ಪದ ಶನಿವಾರ ಎಷ್ಟಿತ್ತು, ಭಾನುವಾರ ಮಧ್ಯಾಹ್ನ ಎಷ್ಟಿದೆ ಅಂತ ಅಲ್ಲೇ ಅಳೆದು ನೋಡಿದೆ. ಕುಗ್ಗಿತ್ತು. ಹೋಗಿರಲಿಲ್ಲ, ಕುಗ್ಗಿತ್ತು. ಪರೀಕ್ಷೆ ಮಾತ್ರ ಒಂದು ನೂಲೂ ಕಮ್ಮಿಯಾಗಿರಲಿಲ್ಲ.

"ಈಗ ಏನ್ ಮಾಡ್ಲಿ ಮಾರಾಯ್ತಿ? ಹೂಂ ಅಂದ್ಬಿಟ್ಟಿದೀನಿ," ಅಂದೆ.

ಬೇಡ ಅಂತ ಹೇಳಲು ಹೋಗಬೇಡಿ, ಕೇಳಲು ಹೋಗಿ ಅಂದಳು. ನಾನು ರವಿಕೆಗೆ ಬಟ್ಟೆ ಕತ್ತರಿಸುವ ಮೊದಲು ಎಷ್ಟು ಪ್ರಶ್ನೆ ಕೇಳುತ್ತೇನೆ, ತೋಳು ಎಷ್ಟು, ಕುತ್ತಿಗೆ ಎಷ್ಟು, ಲೈನಿಂಗ್ ಬೇಕಾ, ನೀವು ಮೂರು ತಿಂಗಳಿಗೆ ಹೋಗುವ ಮೊದಲು ಒಂದಾದರೂ ಕೇಳಿದಿರಾ ಅಂದಳು. ನಿಜ, ಒಂದೂ ಕೇಳಿರಲಿಲ್ಲ. ರವಿಕೆ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಬ್ಬರೂ ಕೂತು ಬರೆದೆವು. ಅಲ್ಲಿ ಕೆಲಸ ಯಾವತ್ತು ಶುರು? ಉಳಿಯುವುದು ಎಲ್ಲಿ? ಪರೀಕ್ಷೆ ಮುಗಿಸಿ ಬಂದರೆ ಏನು ತೊಂದರೆ? ಮೂರು ತಿಂಗಳ ಮೇಲೆ ಇಲ್ಲಿಯ ನನ್ನ ಬೆಂಚು ನನಗೇ ಇರುತ್ತದಾ?

ಸೋಮವಾರ ಬಸ್ಸಿನಲ್ಲಿ ಪುಸ್ತಕ ಇಲ್ಲದ್ದು ನೋಡಿ ಕಂಡಕ್ಟರ್, ಏನ್ ಮೇಷ್ಟ್ರೆ, ಇವತ್ತು ರಜವಾ ಅಂದ. ಇಲ್ಲ, ಇವತ್ತೇ ಪರೀಕ್ಷೆ ಅಂದೆ. ಅವನು ಗಾಬರಿಯಾಗಿ ಆಲ್ ದಿ ಬೆಸ್ಟ್ ಹೇಳಿ, ಇನ್ನೂ ತಿಂಗ್ಳಿದೆ ಅಂದಿದ್ರಲ್ಲ ಅಂತ ಕೇಳಿದ. ನಾನು ತುಟಿಯಲ್ಲೇ ಮಾತು ಜೋಡಿಸುತ್ತಾ ಕೂತಿದ್ದೆ. ಹೂಂ ಅನ್ನುವುದು ಎಷ್ಟು ಸುಲಭ, ನಾಳೆ ಹೇಳುತ್ತೇನೆ ಅನ್ನುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು.

ಫೌಂಡ್ರಿಯಲ್ಲಿ ಮೋಲ್ಡರ್ ಶನಿವಾರದ ಪೆಟ್ಟಿಗೆಗಳನ್ನು ಒಡೆಯುತ್ತಿದ್ದರು. ಮರಳು ಉದುರಿ, ತಣ್ಣಗಾದ ಬೂದು ಕಬ್ಬಿಣ ಹೊರಗೆ ಬರುತ್ತಿತ್ತು. ಅದನ್ನು ದಾಟಿಕೊಂಡು ಆಫೀಸಿಗೆ ಹೋದೆ.

"ಸಾರ್, ಶನಿವಾರ ಹೂಂ ಅಂದೆ. ಅದು ಬಿಸೀಲಿ ಅಂದಿದ್ದು. ಆರಿದ ಮೇಲೆ ಇನ್ನೊಂದ್ ಸಲ ಅಳೀಬೇಕು ಅಂತ ಬಂದಿದೀನಿ."

ಯಜಮಾನರ ಹುಬ್ಬು ಗಂಟಾಯಿತು. ಏನಯ್ಯಾ ಇದು, ಬೀಗರಿಗೆ ಹೇಳಿಬಿಟ್ಟಿದ್ದೇನೆ, ಈಗ ಆಟ ಆಡುತ್ತೀಯಾ ಅಂದರು. ಆದರೆ ಜೇಬಿನಲ್ಲಿ ಪ್ರಶ್ನೆ ಬರೆದ ಆ ಹಾಳೆ ಇತ್ತು. ತೆಗೆದು ಮೊದಲನೇ ಪ್ರಶ್ನೆ ಓದಿದೆ, ಅಲ್ಲಿ ಕೆಲಸ ಯಾವತ್ತು ಶುರು ಸಾರ್ ಅಂತ. ಅವರು ಫೋನು ಎಳೆದುಕೊಂಡು ಬೀಗರಿಗೆ ಎಸ್‌ಟಿಡಿ ಮಾಡಿದರು. ನಾನು ಈ ಕಡೆಯ ಮಾತಷ್ಟೇ ಕೇಳಿಸಿಕೊಂಡೆ. ಹೌದಾ, ಶೀಟು ಹಾಕಿಲ್ಲವಾ, ಕರೆಂಟೂ ಬಂದಿಲ್ಲವಾ, ಮತ್ತೆ ಸೋಮವಾರ ಅಂದಿದ್ದಿರಲ್ಲ... ಫೋನು ಇಟ್ಟು ನನ್ನ ಕಡೆ ತಿರುಗಿದರು.

"ಶೆಡ್ಡಿಗೆ ಇನ್ನೂ ಶೀಟೇ ಹಾಕಿಲ್ಲ ಮಾರಾಯ. ಅವ್ರು ಫೋನಲ್ಲಿ ಹೇಳಿದ್ರು, ನಾನೂ ಹೂಂ ಅಂದ್ಬಿಟ್ಟೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬಂದಿದ್ದು ಮೊದಲು ಅವರಿಗೆ. ಪರೀಕ್ಷೆಯ ವಿಷಯ ಆಗ ಹೇಳಿದೆ. ಹತ್ತನೇ ಕ್ಲಾಸ್ ಮಾಡಿ ಏನು ತಹಸೀಲ್ದಾರ ಆಗುತ್ತೀಯಾ ಅಂದರು. ಇಲ್ಲ ಸಾರ್, ಡ್ರಾಯಿಂಗಿನ ಮೂಲೆ ಓದಬೇಕು ಅಂದೆ. ಮುಗಿಸಿಕೋ ಹೋಗು, ಆಮೇಲೆ ನೋಡೋಣ ಅಂದರು. ಮೇಸ್ತ್ರಿ ಕೆಲಸ ಅಲ್ಲಿಯವರೆಗೂ ನಿನಗೇ ಕಾದಿರುತ್ತದೆ ಅಂತ ಮಾತ್ರ ಹೇಳಲಿಲ್ಲ. ನಾನೂ ಅದನ್ನು ಗಮನಿಸಿಯೇ ಹೊರಗೆ ಬಂದೆ.

ಆವತ್ತು ಸಂಜೆ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ, ಬಸ್ಸಿಗಿಂತ ನಾನೇ ಮುಂದೆ ಓಡುತ್ತಿದ್ದ ಹಾಗಿತ್ತು. ಹೆಂಡತಿ ಸುದ್ದಿ ಕೇಳಿದವಳೇ ಸ್ಟೂಲು ಹಾಕಿ ಅಟ್ಟದಿಂದ ಗಂಟು ಇಳಿಸಿದಳು. ಬಿಗಿದ ಗಂಟು ಬಿಚ್ಚಲು ಬರದೆ ಕತ್ತರಿಯನ್ನೇ ಹಾಕಿದಳು.

ಆಮೇಲೆ ಮೋಲ್ಡರ್ ಜತೆ ಹೋಗಿ, ಮಾಮೂಲಿ ಟೇಪಿನಲ್ಲಿ, ಬಾಗಿಲಿನ ಚೌಕಟ್ಟನ್ನು ನಾಲ್ಕೂ ಕಡೆ ಅಳೆದೆ. ಆಗ ಇನ್ನೊಂದು ವಿಷಯ ಸಿಕ್ಕಿತು. ಚೌಕಟ್ಟೂ ಸರಿಯಾಗಿ ಇರಲಿಲ್ಲ, ಎಡಗಡೆ ಎರಡು ನೂಲು ತಗ್ಗಿತ್ತು. ಭಾನುವಾರ ಸಿಟ್ಟಿನಲ್ಲಿ ನೇರ ಗರಗಸ ಹಾಕಿದ್ದರೆ ಒಂದು ಮೂಲೆ ಕೂರುತ್ತಿತ್ತು, ಒಂದು ಮೂಲೆಯಲ್ಲಿ ಬೆಕ್ಕಿನ ಮರಿಯ ಬಾಲ ತೂರುತ್ತಿತ್ತು. ಗಾರೆಯವನನ್ನು ಬೈದಿದ್ದು ಪೂರ್ತಿ ಸುಳ್ಳಲ್ಲ ಅಂತ ಮೋಲ್ಡರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಮಂಗಳವಾರ ಓರೆಯಾಗಿ ಗೆರೆ ಎಳೆದು, ತಲೆಯ ಕಡೆ ಸ್ವಲ್ಪ, ಪಾದದ ಕಡೆ ಸ್ವಲ್ಪ, ಪಕ್ಕದಲ್ಲಿ ಮೂರು ನೂಲು ತೆಗೆದೆ. ಬಾಗಿಲು ಕೂತಿತು. ಬುಧವಾರ ಬಂದವರೆಲ್ಲ ಅದನ್ನು ಸವರಿ ನೋಡಿ, ಹಲಸು ಹಲಸೇ ಅಂದರು. ಕತ್ತರಿಸಿದ ಪಟ್ಟಿ ಅಡುಗೆಮನೆ ಕಿಟಕಿ ತೆರೆದಿಡುವ ಕಡ್ಡಿಯಾಯಿತು.

ಪರೀಕ್ಷೆಯ ದಿನ ಆ ಬಾಗಿಲಿಗೆ ನಾನೇ ಚಿಲಕ ಹಾಕಿ ಹೊರಟೆ. ಶಾಲೆಯ ಗೇಟಿನಲ್ಲಿದ್ದ ಮೇಷ್ಟ್ರು ನನ್ನನ್ನು ತಡೆದು, ತಂದೆತಾಯಿಗಳೆಲ್ಲ ಹೊರಗೇ ಇರಬೇಕು ಅಂದರು. ಹಾಲ್ ಟಿಕೆಟ್ ತೋರಿಸಿದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಬನ್ನಿ ಸಾರ್ ಅಂದರು. ನನ್ನ ಜೀವನದಲ್ಲಿ ಮೇಷ್ಟ್ರೊಬ್ಬರು ನನ್ನನ್ನು ಸಾರ್ ಅಂದಿದ್ದು ಅದೇ ಮೊದಲು. ಗಣಿತದಲ್ಲಿ ಒಂದು ಲೆಕ್ಕ ಮೊದಲ ನೋಟಕ್ಕೆ ಗೊತ್ತಿದೆ ಅನ್ನಿಸಿತು. ಪೆನ್ನು ಇಡಲು ಹೋದೆ, ನಿಲ್ಲಿಸಿದೆ, ಇನ್ನೊಂದು ಸಲ ಓದಿದೆ. ಕೇಳಿದ್ದು ಬೇರೆಯೇ ಇತ್ತು.

ಎರಡೂ ಪಾಸಾಯಿತು. ಇಂಗ್ಲಿಷಿನಲ್ಲಿ ಕೂದಲೆಳೆಯಲ್ಲಿ, ಆದರೆ ಪಾಸು ಪಾಸೇ. ಕಂಡಕ್ಟರ್ ಆವತ್ತು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಸೀಟಿ ಊದಿದ.

ದಾವಣಗೆರೆಗೆ ಯಜಮಾನರು ಬೇರೆಯವರನ್ನು ಕಳಿಸಿದರು. ಶೀಟು ಬಿದ್ದಿದ್ದು ನನ್ನ ಪರೀಕ್ಷೆ ನಡೆಯುತ್ತಿದ್ದ ವಾರದಲ್ಲೇ, ಅವರಿಗೆ ಕಾಯಲು ಆಗಲಿಲ್ಲ. ಹೋದವನು ಒಳ್ಳೆಯ ಕೆಲಸಗಾರ, ಮೇಸ್ತ್ರಿಯೂ ಆದ. ನನಗೆ ಒಂದೆರಡು ದಿನ ಚುರುಕ್ ಅಂದಿದ್ದು ಹೌದು, ಯಾಕೆ ಸುಳ್ಳು ಹೇಳಲಿ. ಆರಿಸಿ ಅಳೆದ ಮಾತ್ರಕ್ಕೆ ಎಲ್ಲವೂ ನಮಗೇ ಸಿಗುವುದಿಲ್ಲ. ಆದರೆ ಬಿಟ್ಟಿದ್ದು ಎಷ್ಟು, ಉಳಿಸಿಕೊಂಡಿದ್ದು ಎಷ್ಟು ಅಂತ ನನಗೆ ಸರಿಯಾಗಿ ಗೊತ್ತಿತ್ತು. ಆ ಜೂನಿನಲ್ಲಿ ಬಂದ ಮೊದಲ ಡ್ರಾಯಿಂಗನ್ನು ಬೆಂಚಿನ ಮೇಲೆ ಹರಡಿ, ಮೂಲೆಯಲ್ಲಿದ್ದ ಇಂಗ್ಲಿಷನ್ನು ಬೆರಳಿಟ್ಟು, ಒಂದೊಂದೇ ಪದವಾಗಿ ನಾನೇ ಓದಿದೆ. ಗುಮಾಸ್ತರು ಕನ್ನಡಕ ಏರಿಸಿಕೊಂಡು ದೂರದಿಂದ ನೋಡುತ್ತಿದ್ದರು. ಓದಿ ಮುಗಿಸಿ, ಸ್ಕೇಲು ಕೈಗೆ ತೆಗೆದುಕೊಂಡು, ತುದಿ ಕೆಂಪಗಿದೆಯಾ ಅಂತ ನೋಡಿ ಗೆರೆ ಎಳೆದೆ.

ಈಗಲೂ ಯಾರಾದರೂ ಏನಾದರೂ ಕೇಳಿದರೆ ನಾಲಿಗೆ ತುದಿಗೆ ಹೂಂ ಬರುತ್ತದೆ. ಹುಟ್ಟುಗುಣ, ಹೋಗುವುದಿಲ್ಲ. ಆದರೆ ಅದನ್ನು ತಡೆದು, ಮರಳಿನಲ್ಲಿರಲಿ, ನಾಳೆ ತೆಗೆಯುತ್ತೇನೆ ಅನ್ನುತ್ತೇನೆ. ಕೇಳಿದವರಿಗೆ ಅರ್ಥವಾಗುವುದಿಲ್ಲ, ಹೆಂಡತಿಗೆ ಆಗುತ್ತದೆ.

ನೀವೂ ಹೀಗೆ ಬಿಸಿಯಲ್ಲಿ ಅಳೆದು ಕೆಟ್ಟಿದ್ದುಂಟಾ? ಅಥವಾ ಒಂದು ರಾತ್ರಿ ಕಾದಿದ್ದಕ್ಕೆ ಏನಾದರೂ ಉಳಿದಿದ್ದುಂಟಾ? ನಿಮ್ಮ ಕೆಲಸ ಯಾವುದೇ ಇರಲಿ, ಹೊಲಿಗೆಯೋ ಗಾರೆಯೋ ಪಾಠ ಹೇಳುವುದೋ, ಅದರಲ್ಲಿ ನಿಮಗೆ ಸಿಕ್ಕ ಅಳತೆಯ ಬಗ್ಗೆ ನಾಲ್ಕು ಸಾಲು ಬರೆಯಿರಿ. ತಪ್ಪಿಲ್ಲದೆ ಬರೆಯಬೇಕು ಅಂತೇನಿಲ್ಲ, ನನ್ನದು ನೋಡಿದಿರಲ್ಲ. ನಾನು ನಿಧಾನಕ್ಕೆ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.